ಗದ್ದುಗೆಯ ಮಕ್ಕಳು

ಮಡಿಕೇರಿಗೆ ಬಂದವರು ರಾಜಾಸೀಟು ನೋಡುತ್ತಾರೆ, ಅಬ್ಬಿ ಜಲಪಾತ ನೋಡುತ್ತಾರೆ, ಹೊತ್ತು ಉಳಿದರೆ ಮಾತ್ರ ಗದ್ದುಗೆಯ ಕಡೆ ಹೋಗುತ್ತಾರೆ. ಹೋದವರೂ ಗುಮ್ಮಟಗಳ ಎದುರು ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆಯೇ ಹೊರತು ಅಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಕೇಳುವವರು ಕಡಿಮೆ. ನಡುವಿನ ದೊಡ್ಡ ಗುಮ್ಮಟದ ಕೆಳಗೆ ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮಾಜಿ. ಪಕ್ಕದಲ್ಲಿ ಅವನ ತಮ್ಮ ಲಿಂಗರಾಜೇಂದ್ರ ಮತ್ತು ಅವನ ರಾಣಿ. ಇದನ್ನು ಲಿಂಗರಾಜನ ಮಗ 1820ರಲ್ಲಿ ಕಟ್ಟಿಸಿದ. ಮೂರನೆಯದು ರಾಜಗುರು ರುದ್ರಪ್ಪನದು. ಹಾಗಾದರೆ ಕಟ್ಟಿಸಿದ ಮಗನೆಲ್ಲಿ? ಅವನು ಇಲ್ಲಿಲ್ಲ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಅವನ ಸಮಾಧಿ ಅಲ್ಲಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ಅವನ ಮಗಳು ಗೌರಮ್ಮನದು ಅದೇ ಊರಿನ ಬ್ರಾಂಪ್ಟನ್ ಸ್ಮಶಾನದಲ್ಲಿ. ಅಪ್ಪನ ಸಮಾಧಿ ಒಂದು ಕಡೆ, ಮಗಳದು ಇನ್ನೊಂದು ಕಡೆ. ತಮ್ಮ ಮಣ್ಣಿನಲ್ಲಂತೂ ಇಬ್ಬರೂ ಇಲ್ಲ.

ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು. ಪಠ್ಯಪುಸ್ತಕದಲ್ಲಿ ಹಾಲೇರಿ ಅರಸರಿಗೆ ಸಿಗುತ್ತಿದ್ದುದು ಹೆಚ್ಚೆಂದರೆ ಅರ್ಧ ಪುಟ. ಯುದ್ಧ, ಒಪ್ಪಂದ, ಇಸವಿ, ಮುಗಿಯಿತು. ಮಕ್ಕಳು ಇಸವಿ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಿದ್ದರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಅದೇ ಚರಿತ್ರೆಯನ್ನು ಮತ್ತೆ ಓದುವಾಗ ನನಗೆ ಅದು ರಾಜರ ಕಥೆಯಾಗಿ ಕಾಣಲೇ ಇಲ್ಲ. ಮೂರು ತಲೆಮಾರಿನ ಅಪ್ಪಂದಿರ ಕಥೆಯಾಗಿ ಕಂಡಿತು. ಮಕ್ಕಳಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ನಾವು ಅಡುಗೆಮನೆಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ ಮಾತಾಡುತ್ತೇವಲ್ಲ, ಅದೇ ಮಾತು. ಅಲ್ಲಿ ಕೊಡುವ ವಸ್ತು ಒಂದು ರಾಜ್ಯವಾಗಿತ್ತು, ಅಷ್ಟೇ.

ಮೊದಲನೆಯವನಿಂದ ಹೇಳುತ್ತೇನೆ. 1780ರಲ್ಲಿ ಹಿರಿಯ ಲಿಂಗರಾಜ ತೀರಿಕೊಂಡಾಗ ಅವನ ಮಕ್ಕಳು ಇನ್ನೂ ಎಳೆಯರು. ಹೈದರಾಲಿ ತಾನು ಆ ಮಕ್ಕಳ ಪೋಷಕನೆಂದು ಹೇಳಿಕೊಂಡು ಕೊಡಗನ್ನು ಕೈಗೆ ತೆಗೆದುಕೊಂಡ, ರಾಜಕುಮಾರರನ್ನು ಗೊರೂರಿನ ಕೋಟೆಗೆ ಸಾಗಿಸಿದ. ಹೇಮಾವತಿಯ ದಡದ ಅದೇ ಗೊರೂರು. ಆಮೇಲೆ ಪಿರಿಯಾಪಟ್ಟಣ. ದೊಡ್ಡವೀರರಾಜೇಂದ್ರನ ಹರೆಯವೆಲ್ಲ ಹೀಗೆ ಸೆರೆಯಲ್ಲಿ ಕಳೆಯಿತು. 1788ರಲ್ಲಿ ಕೊಡಗಿನವರು ಉಪಾಯದಿಂದ ಅವನನ್ನು ಪಿರಿಯಾಪಟ್ಟಣದಿಂದ ಬಿಡಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಟಿಪ್ಪುವಿನ ಸೈನ್ಯವನ್ನು ಹೊರಹಾಕಿದ್ದು, 1790ರಲ್ಲಿ ಕಂಪನಿಯೊಡನೆ ಒಪ್ಪಂದ, 1792ರಲ್ಲಿ ವಿರಾಜಪೇಟೆಯ ಸ್ಥಾಪನೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಾಡಿನ ನಡುವೆ ನಾಲ್ಕುನಾಡು ಅರಮನೆ, ಎಲ್ಲವೂ ನಾಲ್ಕಾರು ವರ್ಷದೊಳಗೆ ನಡೆದುಹೋದವು. ಆ ಅರಮನೆಯನ್ನು ನೀವು ನೋಡಿದ್ದರೆ ನಿಮಗೆ ಗೊತ್ತು, ಅದು ಸುಖದ ಮನೆಯಲ್ಲ, ಅಡಗುದಾಣ. ಹಿಡಿಯಲು ಬರುವವರನ್ನು ದಾರಿಯಲ್ಲೇ ಕಾಣಬೇಕು, ತಾನು ಕಾಣಿಸಬಾರದು ಎಂದು ಯೋಚಿಸಿದವನು ಕಟ್ಟಿಸಿದ್ದು. ಅದರ ಅಂಗಳದ ಮಂಟಪದಲ್ಲೇ 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದ.

ಗಂಡು ಮಕ್ಕಳಾಗಲಿಲ್ಲ. ನಾಲ್ಕು ಹೆಣ್ಣು ಮಕ್ಕಳು. 1807ರಲ್ಲಿ ರಾಣಿ ತೀರಿಕೊಂಡಳು. ಆ ಸಾವಿನ ನಂತರ ಅವನ ಮನಸ್ಸು ಕೆಟ್ಟಿತು, ಸುತ್ತಲಿನವರ ಮೇಲೆಲ್ಲ ಸಂಶಯ, ಸಂಶಯದಲ್ಲಿ ಕೊಲೆಗಳು. ಆ ಸಂಶಯದ ನಡುವೆ ಅವನಿಗೆ ಗಟ್ಟಿಯಾಗಿ ಹಿಡಿದುಕೊಳ್ಳಲು ಇದ್ದದ್ದು ಒಂದೇ ಆಸೆ: ಹಿರಿಯ ಮಗಳು ದೇವಮ್ಮಾಜಿ ತನ್ನ ನಂತರ ಆಳಬೇಕು. ಅದಕ್ಕಾಗಿ ಕಂಪನಿಯ ಗವರ್ನರ್ ಜನರಲನಿಗೆ ಪತ್ರ ಬರೆದ, ಒಪ್ಪಿಗೆ ಬೇಡಿದ. ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂದು ಬರೆಸಿದ. ಕಂಪನಿಯಲ್ಲಿ ದೊಡ್ಡ ಮೊತ್ತದ ಹಣವನ್ನೂ ಬಡ್ಡಿಗೆ ಇಟ್ಟಿದ್ದ. ಈಗಿನ ಅಪ್ಪ ಅಮ್ಮ ಮಗಳ ಹೆಸರಿನಲ್ಲಿ ಠೇವಣಿ ಇಡುವುದಿಲ್ಲವೇ, ಹಾಗೇ. ಹೆಣ್ಣು ಮಗಳಿಗೆ ರಾಜ್ಯ ಕೊಡಬೇಕೆಂದು ಇನ್ನೂರು ವರ್ಷದ ಹಿಂದೆ ಹಟ ಹಿಡಿದ ಅಪ್ಪನ ಮೇಲೆ ನಮ್ಮಂಥವರಿಗೆ ಪ್ರೀತಿ ಹುಟ್ಟುವುದು ಸಹಜ. ನನಗೂ ಹುಟ್ಟಿತು. ಆದರೆ ಅವನು 1809ರಲ್ಲಿ ತೀರಿಕೊಂಡಾಗ ಆ ಮಗು ಹತ್ತು ವರ್ಷದ್ದು. ಹತ್ತು ವರ್ಷದ ಹುಡುಗಿಯ ಕೈಗೆ ಸಿಂಹಾಸನ ಕೊಟ್ಟು, ಅದನ್ನು ಕಾಯುವ ಜನರನ್ನೆಲ್ಲ ಸಂಶಯದಿಂದ ತಾನೇ ತೀರಿಸಿ ಹೋದ. ಚಿಕ್ಕಪ್ಪ ಲಿಂಗರಾಜ ಮೊದಲು ಆಡಳಿತ ನೋಡಿಕೊಳ್ಳುತ್ತೇನೆ ಎಂದು ಬಂದ, 1811ರ ಹೊತ್ತಿಗೆ ತಾನೇ ರಾಜನಾದ.

ಈ ಲಿಂಗರಾಜನೂ ಅಣ್ಣನ ಜೊತೆ ಸೆರೆಯಲ್ಲಿ ಬೆಳೆದ ಹುಡುಗನೇ. ಅಣ್ಣನಿಗಿಂತ ಚಿಕ್ಕವನು, ಹಿಡಿದೊಯ್ದಾಗ ಎಳೆ ಮಗು. ಆಡಳಿತದಲ್ಲಿ ಅವನು ಮೈಗಳ್ಳನಲ್ಲ. ಭೂಮಿ, ಕಂದಾಯ, ಜಮ್ಮದ ಬಗ್ಗೆ ಅವನು ಹೊರಡಿಸಿದ ಹುಕುಂನಾಮೆಯನ್ನು ಬ್ರಿಟಿಷರೂ ಮುಂದೆ ಆಧಾರವಾಗಿ ಇಟ್ಟುಕೊಂಡರು. ಮಡಿಕೇರಿ ಕೋಟೆಯೊಳಗೆ ಈಗ ನಾವು ನೋಡುವ ಅರಮನೆ ಅವನ ಕಾಲದ್ದು. ಅವನ ಮಗ ಚಿಕ್ಕವೀರನ ವಯಸ್ಸನ್ನು ಲೆಕ್ಕ ಹಾಕಿ ನೋಡಿ: 1820ರಲ್ಲಿ ಪಟ್ಟಕ್ಕೆ ಬಂದಾಗ ಇಪ್ಪತ್ತರ ಆಸುಪಾಸು. ಅಂದರೆ ಅಪ್ಪ ಆಳಿದ ಒಂಬತ್ತು ವರ್ಷಗಳೇ ಈ ಹುಡುಗನ ಹತ್ತರಿಂದ ಇಪ್ಪತ್ತರವರೆಗಿನ ವಯಸ್ಸು. ನಾವು 'ಈ ವಯಸ್ಸಿನಲ್ಲಿ ಸ್ವಲ್ಪ ಹುಷಾರಾಗಿರಬೇಕು' ಎಂದು ಹೇಳುತ್ತೇವಲ್ಲ, ಅದೇ ವಯಸ್ಸು.

ಆ ವಯಸ್ಸಿನಲ್ಲಿ ಅವನು ಮನೆಯೊಳಗೆ ಕಂಡದ್ದೇನು? ತನ್ನ ಸರೀಕಳಾದ ದೊಡ್ಡಪ್ಪನ ಮಗಳು ಒಂದು ದಿನ ರಾಣಿ, ಇನ್ನೊಂದು ದಿನ ಏನೂ ಅಲ್ಲ. ಅವಳ ಜಾಗದಲ್ಲಿ ತನ್ನಪ್ಪ. ಅಪ್ಪನ ನಂತರ ತಾನು. ಮಕ್ಕಳನ್ನು ಮುದ್ದು ಮಾಡಿ ಕೆಡಿಸುತ್ತಾರೆ ಎಂಬ ಮಾತು ಹಳೆಯದು. ಕೆಡುವುದು ಮುದ್ದಿನಿಂದಲೋ, ಅಥವಾ ಅಪ್ಪ ತನಗೆ ಬೇಕಾದ್ದನ್ನು ಹೇಗೆ ಪಡೆದ ಎಂಬುದನ್ನು ಮಗು ಬಾಗಿಲ ಸಂದಿಯಿಂದ ನೋಡುವುದರಿಂದಲೋ, ನನಗೆ ಎರಡನೆಯದೇ ಹೆಚ್ಚು ಅನ್ನಿಸುತ್ತದೆ. ಬೇಕು ಎಂದರೆ ನಮ್ಮದು; ಯಾರಾದರೂ ಅಡ್ಡ ಬಂದರೆ ಅವರು ಇರಬಾರದು. ಈ ಪಾಠವನ್ನು ಲಿಂಗರಾಜ ಮಗನನ್ನು ಕೂರಿಸಿಕೊಂಡು ಹೇಳಿರಲಾರ, ಹೇಳುವ ಅಗತ್ಯವೂ ಇರಲಿಲ್ಲ.

ಚಿಕ್ಕವೀರನ ಹದಿನಾಲ್ಕು ವರ್ಷದ ಆಳ್ವಿಕೆಯನ್ನು ವಿವರಿಸಲು ಹೋಗುವುದಿಲ್ಲ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಬರೆದ ಪುಸ್ತಕ ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. ದೇವಮ್ಮಾಜಿಯೂ ಸೇರಿ ದಾಯಾದಿಗಳನ್ನೆಲ್ಲ ಕೊಲ್ಲಿಸಿದ ಎಂದು ಅದರಲ್ಲಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ರಾಜ್ಯ ಕಿತ್ತುಕೊಂಡವರಿಗೆ ಕಿತ್ತುಕೊಳ್ಳಲ್ಪಟ್ಟವನನ್ನು ಕಪ್ಪಾಗಿ ತೋರಿಸುವ ಅಗತ್ಯ ಇರುತ್ತದೆ, ಪಾದ್ರಿಗಳಿಗೂ ಅದು ಅನುಕೂಲವೇ. ಎಷ್ಟು ಬಣ್ಣ, ಎಷ್ಟು ನಿಜ ಎಂದು ತೂಗಿ ಓದಬೇಕು. ಮಾಸ್ತಿಯವರು 1956ರಲ್ಲಿ ತಂದ 'ಚಿಕವೀರ ರಾಜೇಂದ್ರ' ಕಾದಂಬರಿಯಲ್ಲಿ ಅವನನ್ನು ಬರೀ ರಾಕ್ಷಸನನ್ನಾಗಿ ಮಾಡಲಿಲ್ಲ, ಅದಕ್ಕೇ ಆ ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತದೆ. ಅದನ್ನು ಹೆಸರಿಸಿಯೇ 1983ರ ಜ್ಞಾನಪೀಠ ಮಾಸ್ತಿಯವರಿಗೆ ಬಂತು.

ಬಣ್ಣವನ್ನೆಲ್ಲ ಕಳೆದರೂ ಉಳಿಯುವ ಸಂಗತಿಗಳು ಕೆಲವಿವೆ. ಅವನ ಒಡಹುಟ್ಟಿದವಳು, ಅವಳ ಹೆಸರೂ ದೇವಮ್ಮಾಜಿಯೇ, ಗಂಡ ಚೆನ್ನಬಸಪ್ಪನೊಡನೆ 1832ರಲ್ಲಿ ತವರಿನಿಂದ ಪ್ರಾಣಭಯದಲ್ಲಿ ಓಡಿ ಮೈಸೂರಿನ ರೆಸಿಡೆಂಟನ ಆಶ್ರಯ ಪಡೆದಳು. ಅವರನ್ನು ನನಗೆ ಒಪ್ಪಿಸಿ ಎಂದು ಅಣ್ಣನಿಂದ ಪತ್ರದ ಮೇಲೆ ಪತ್ರ. ಕಂಪನಿ ಒಪ್ಪಲಿಲ್ಲ. ಮಾತುಕತೆಗೆಂದು ಕಂಪನಿಯವರು ಕಳಿಸಿದ ಕರುಣಾಕರ ಮೆನನ್ ಎಂಬ ಅಧಿಕಾರಿಯನ್ನು ರಾಜ ಹಿಡಿದಿಟ್ಟುಕೊಂಡ. ನನ್ನದು ಕೊಡಿ, ನಿಮ್ಮದು ಬಿಡುತ್ತೇನೆ! ಮೂವತ್ತು ದಾಟಿದ ಒಬ್ಬ ಅರಸ ಲೋಕದ ಅತಿ ದೊಡ್ಡ ಸೈನ್ಯಗಳಲ್ಲಿ ಒಂದರ ಜೊತೆ ಹೀಗೆ ವ್ಯವಹರಿಸಿದ. ಅಂಗಡಿಯ ನೆಲದ ಮೇಲೆ ಕೂತು ಕಾಲು ಬಡಿಯುವ ಮಗುವಿನ ನೆನಪು ನನಗಂತೂ ಬಂತು. ವ್ಯತ್ಯಾಸವೆಂದರೆ ಎದುರಿಗಿದ್ದವರು ಅಮ್ಮನಾಗಿರಲಿಲ್ಲ.

1834ರ ಏಪ್ರಿಲಿನಲ್ಲಿ ಕರ್ನಲ್ ಫ್ರೇಸರನ ಸೇನೆ ಕೊಡಗಿಗೆ ನುಗ್ಗಿತು. ದಿವಾನ ಅಪ್ಪಾರಂಡ ಬೋಪು ಸೇನೆಯನ್ನು ಎದುರುಗೊಂಡು ಮಡಿಕೇರಿಗೆ ಕರೆತಂದ. ರಾಜ ಅಡಗಿದ್ದು ಎಲ್ಲಿ ಗೊತ್ತೇ? ದೊಡ್ಡಪ್ಪ ಕಟ್ಟಿಸಿದ ಅದೇ ನಾಲ್ಕುನಾಡು ಅರಮನೆಯಲ್ಲಿ. ಸೆರೆಯಿಂದ ತಪ್ಪಿಸಿಕೊಂಡು ಬಂದವನು ಇನ್ನೊಮ್ಮೆ ಸೆರೆಯಾಗಬಾರದೆಂದು ಕಟ್ಟಿದ ಮನೆಯಿಂದ ಅವನ ತಮ್ಮನ ಮಗ ಹೊರಗೆ ಬಂದು ಶರಣಾದ. ಮೇ 7ರಂದು ಕೊಡಗು ಕಂಪನಿಯದಾಯಿತು. ಆದರೂ ಜನ ಅರಸು ಮನೆತನವನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮೂರೇ ವರ್ಷಕ್ಕೆ, 1837ರಲ್ಲಿ, ಅದೇ ಮನೆತನದ ಹೆಸರಿನಲ್ಲಿ ನಮ್ಮ ಗೌಡ ರೈತರು ಅಮರ ಸುಳ್ಯದಿಂದ ಮಂಗಳೂರಿನವರೆಗೆ ದಂಡೆತ್ತಿ ಹೋದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದ್ದು ಇದೇ ಕಾರಣಕ್ಕೆ. ರಾಜ ಆ ಹೊತ್ತಿಗೆ ವರ್ಷಾಶನದ ಮೇಲೆ ದೂರದ ಊರಿನಲ್ಲಿದ್ದ.

ಆ ದೂರದ ಊರು ಕಾಶಿ. ಅಲ್ಲಿ 1841ರಲ್ಲಿ ಗೌರಮ್ಮ ಹುಟ್ಟಿದಳು. ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು 1852ರಲ್ಲಿ ಅವನು ಇಂಗ್ಲೆಂಡಿಗೆ ಹಡಗು ಹತ್ತಿದ. ಅಷ್ಟು ಮುಂಚೆ ಆ ದೇಶಕ್ಕೆ ಹೋದ ಭಾರತದ ಅರಸರು ಬಹಳ ಇಲ್ಲ. ಉದ್ದೇಶ ಎರಡು. ದೊಡ್ಡಪ್ಪ ಕಂಪನಿಯಲ್ಲಿ ಇಟ್ಟಿದ್ದ ಹಣ ವಸೂಲು ಮಾಡುವುದು, ಮಗಳಿಗೆ ಇಂಗ್ಲಿಷ್ ವಿದ್ಯೆ ಕೊಡಿಸುವುದು. ಹಣಕ್ಕಾಗಿ ಅಲ್ಲಿನ ನ್ಯಾಯಾಲಯದಲ್ಲಿ ಕಂಪನಿಯ ಮೇಲೇ ದಾವೆ ಹೂಡಿದ. ಯಾರಿಗೆಂದು ಇಟ್ಟ ಹಣ, ಯಾರು ಕೇಳುತ್ತಿರುವುದು ನೋಡಿ.

ಮಗಳಿಗೆ ಸಿಕ್ಕಿದ್ದು ವಿದ್ಯೆ ಮಾತ್ರವಲ್ಲ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯ ಹೆಸರೇ ಅವಳಿಗೆ, ವಿಕ್ಟೋರಿಯಾ ಗೌರಮ್ಮ. ಅರಮನೆಯ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮಾರೊಕೆಟ್ಟಿ ಎಂಬ ಶಿಲ್ಪಿ ಅವಳ ಮುಖದ ಶಿಲ್ಪ ಮಾಡಿದ. ಉಡುಪು, ಒಡವೆ, ಔತಣ, ಸಂಗೀತ, ಕುದುರೆ ಸವಾರಿ. ಒಬ್ಬ ಅಪ್ಪ ಮಗಳಿಗೆ ಇದಕ್ಕಿಂತ ಹೆಚ್ಚು ಏನು ಕೊಡಿಸಬಹುದು? ಆದರೆ ಕ್ರಮೇಣ ಅಪ್ಪನಿಗೆ ಅವಳನ್ನು ನೋಡಲು ಅವಕಾಶ ಕಡಿಮೆಯಾಯಿತು. ಅವನ ಸಹವಾಸ ಅವಳಿಗೆ ಒಳ್ಳೆಯದಲ್ಲ ಎಂದು ಪೋಷಕರ ಅಭಿಪ್ರಾಯ. ಅವಳು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದಳು. ಪಂಜಾಬಿನ ದುಲೀಪ್ ಸಿಂಗ್ ಮಹಾರಾಜನಿಗೆ ಅವಳನ್ನು ಕೊಟ್ಟು ಮದುವೆ ಮಾಡಿಸಬೇಕೆಂಬ ಆಸೆ ರಾಣಿಗಿತ್ತು, ಅವನು ಒಪ್ಪಲಿಲ್ಲ. ಅಪ್ಪ ತೀರಿಕೊಂಡ ಮರುವರ್ಷ, 1860ರಲ್ಲಿ, ತನಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನೊಡನೆ ಅವಳ ಮದುವೆಯಾಯಿತು. 1861ರಲ್ಲಿ ಒಂದು ಹೆಣ್ಣು ಮಗು. 1864ರಲ್ಲಿ ಕ್ಷಯದಿಂದ ಗೌರಮ್ಮ ತೀರಿಕೊಂಡಳು, ಇಪ್ಪತ್ತಮೂರರ ಆಸುಪಾಸಿನಲ್ಲಿ. ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪನವರು ಅವಳ ಜೀವನವನ್ನು ಹುಡುಕಿ ತೆಗೆದು ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದಾರೆ. ಓದಲು ಸಿಕ್ಕಿದರೆ ಬಿಡಬೇಡಿ. ಹುಡುಗಿಗೆ ಎಲ್ಲವೂ ಸಿಕ್ಕಿತು, ಏನು ಬೇಕು ಎಂದು ಅವಳನ್ನು ಮಾತ್ರ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ.

ಅರಮನೆಯ ಮಾತು ಹೀಗಾದರೆ ಊರಿನ ಮನೆಗಳ ಮಾತು ಬೇರೆಯೇ ಇತ್ತು. ನಮ್ಮ ನೆರೆಯ ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಆ ಮಗುವಿನ ಕೈಗೆ ಮುಟ್ಟಿಸುತ್ತಿದ್ದರು, ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದರು. ಇಷ್ಟು ಸಂಭ್ರಮದಿಂದ ಬರಮಾಡಿಕೊಂಡ ಮಗುವಿಗೆ ಆಮೇಲೆ ಮನೆಯಲ್ಲಿ ತನ್ನದೇ ಎನ್ನಲು ಏನೂ ಇರುತ್ತಿರಲಿಲ್ಲ. ಜಮ್ಮದ ಗದ್ದೆ ಇಡೀ ಒಕ್ಕದ್ದು, ಪಾಲು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಹಣದ ಪೆಟ್ಟಿಗೆಯ ಬೀಗದ ಕೈ ಮನೆಯ ಹಿರಿಯರ ಸೊಂಟದಲ್ಲಿ. ನಮ್ಮ ಗೌಡರ ಐನ್‌ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ. ಇಪ್ಪತ್ತು ಮೂವತ್ತು ಜನರ ಮನೆಯಲ್ಲಿ ಒಂದು ಮಗುವಿನ ಹಟ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆ ಕಾಲ ಚಿನ್ನದಂತಿತ್ತು ಎಂದು ನಾನು ಹೇಳುತ್ತಿಲ್ಲ. ಆ ದೊಡ್ಡ ಮನೆಗಳ ಅಡುಗೆಮನೆಯ ಹೊಗೆಯಲ್ಲಿ ಸವೆದ ಹೆಂಗಸರನ್ನು ಕಂಡಿರುವ ಯಾರೂ ಹಾಗೆ ಹೇಳಲಾರರು. ಮಕ್ಕಳು ಕೆಡದಿದ್ದುದಕ್ಕೆ ನಮ್ಮ ಹಿರಿಯರ ವಿವೇಕಕ್ಕಿಂತ ಕೈಯಲ್ಲಿ ಹಣವಿಲ್ಲದಿದ್ದುದೇ ಹೆಚ್ಚು ಕಾರಣ ಇರಬೇಕು.

ಹಣ ಬಂದದ್ದು ಕಾಫಿಯಿಂದ. ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ತೋಟ ಆದದ್ದು 1854ರಲ್ಲಿ. ಬಹಳ ಕಾಲ ಅದು ದೊರೆಗಳ ಬೆಳೆ, ಆಮೇಲೆ ನಮ್ಮವರೂ ಬೆಳೆದರು. 1940ರ ದಶಕದಿಂದ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು, ಬೋರ್ಡು ಮಾರಿ ಕಂತಿನಲ್ಲಿ ಹಣ ಕೊಡುತ್ತಿತ್ತು. ಕಂತು ಬಂದಾಗ ಮಗಳ ಮದುವೆ, ಕಂತು ಬಂದಾಗ ಮಾಡಿನ ಹೆಂಚು. 1992ರಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಮಾರಲು ಬಿಟ್ಟರು, 1996ಕ್ಕೆ ಪೂರ್ತಿ ಬಿಟ್ಟರು. ಅದರ ನಡುವೆ 1994ರ ಜೂನ್ ಜುಲೈಯಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟವು. ಯಾವುದೋ ದೇಶದ ರೈತನ ಗಿಡ ಸುಟ್ಟರೆ ನಮ್ಮ ಕಣದಲ್ಲಿ ಹಬ್ಬ. ಕೊಡಗಿನ ದಾರಿಗಳಲ್ಲಿ ಹೊಸ ಕಾರು ಕಂಡದ್ದು, ಸಣ್ಣ ಊರುಗಳಲ್ಲೂ ದೊಡ್ಡ ಮನೆಗಳು ಎದ್ದದ್ದು, ಮಕ್ಕಳೆಲ್ಲ ಮೈಸೂರು ಬೆಂಗಳೂರಿನ ಹಾಸ್ಟೆಲು ಸೇರಿದ್ದು ಆಗಲೇ.

ನನ್ನ ಅಣ್ಣನದು ನಾಪೋಕ್ಲು ಕಡೆ ತೋಟ. ಅವನು ಶಾಲೆಗೆ ಹೋದದ್ದು ದಿನಕ್ಕೆ ಐದು ಮೈಲಿ ನಡೆದು, ಬರಿಗಾಲಲ್ಲಿ, ಮಳೆಗಾಲದಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು. ಶಾಲೆಯ ಜಗಲಿಯಲ್ಲಿ ಕೂತು ಮೊದಲು ಕಾಲಿನ ಜಿಗಣೆ ಕೀಳುವುದು, ಆಮೇಲೆ ಪಾಠ. ಹತ್ತನೆಯ ತರಗತಿ ಆದ ಮೇಲೆ ಅಪ್ಪ ಓದಿಸಲಿಲ್ಲ, ತೋಟಕ್ಕೆ ಜನ ಬೇಕಿತ್ತು. 1995ರಲ್ಲಿ ಅವನ ಮಗ ಮೈಸೂರಿನಲ್ಲಿ ಪಿಯುಸಿ. ಹುಡುಗ ಕೇಳುವ ಮೊದಲೇ ಒಂದು ಯಮಹಾ ಆರ್‌ಎಕ್ಸ್ 100 ತಂದು ಅಂಗಳದಲ್ಲಿ ನಿಲ್ಲಿಸಿದ. ಅತ್ತಿಗೆ, "ಇಷ್ಟು ಬೇಗ ಯಾಕೆ, ಹದಿನೇಳಲ್ಲವಾ ಅವನಿಗೆ?" ಎಂದರೆ, "ನಾನು ನಡೆದದ್ದು ಸಾಲದಾ? ಅವನೂ ನಡೆಯಬೇಕಾ?" ಎಂದ. ಈ ಪ್ರಶ್ನೆಗೆ ಯಾವ ತಾಯಿ ಏನು ಉತ್ತರ ಕೊಟ್ಟಾಳು? ದೊಡ್ಡವೀರರಾಜೇಂದ್ರನನ್ನು ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದನೋ ಏನೋ.

ಹುಡುಗ ಕೆಟ್ಟವನಲ್ಲ. ಬೈಕಿನಿಂದ ಬಿದ್ದೂ ಇಲ್ಲ, ಕುಡಿದೂ ಇಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ, ಓದು ಮುಗಿಸಿ ಗೆಳೆಯರ ಜೊತೆ ಅಲ್ಲೇ ಏನೋ ವ್ಯವಹಾರ ಶುರು ಮಾಡಿದ, ಅದಕ್ಕೂ ಊರಿನಿಂದಲೇ ಹಣ. ಅಷ್ಟರಲ್ಲಿ ಕಾಫಿ ಬಿದ್ದಿತ್ತು. 1999ರಿಂದ ಇಳಿಯಲು ಶುರುವಾದ ಬೆಲೆ 2001-02ಕ್ಕೆ ಯಾವ ಮಟ್ಟಕ್ಕೆ ಬಂತೆಂದರೆ ಹಣ್ಣು ಕುಯ್ದ ಕೂಲಿಯೂ ಹುಟ್ಟದು. ಎಷ್ಟೋ ಜನ ತೋಟಕ್ಕೆ ಗೊಬ್ಬರ ಹಾಕುವುದನ್ನೇ ಬಿಟ್ಟರು. ಅಣ್ಣ ಮಾತ್ರ ತಿಂಗಳು ತಿಂಗಳು ಬೆಂಗಳೂರಿಗೆ ಹಣ ಕಳಿಸುವುದನ್ನು ಬಿಡಲಿಲ್ಲ. ಮೊದಲು ಸಿಲ್ವರ್ ಓಕ್ ಮರಗಳು ಹೋದವು. ಆಮೇಲೆ ಅತ್ತಿಗೆಯ ಬಳೆ. ಆಮೇಲೆ ರಸ್ತೆ ಬದಿಯ ಗದ್ದೆ. ಮನೆಯಲ್ಲಿ ಕಟ್ಟಾಜ್ಞೆ: ಮಗನಿಗೆ ಗೊತ್ತಾಗಬಾರದು. ಅವನು ಊರಿಗೆ ಬಂದ ದಿನ ಕೋಳಿ ಕೊಯ್ಯಬೇಕು, ಯಾರೂ ಸಪ್ಪೆ ಮುಖ ಮಾಡಬಾರದು.

2002ರ ಕೊನೆಗೆ ಬ್ಯಾಂಕಿನ ನೋಟೀಸು ಬಂದಾಗ ಅವನು ಮನೆಯಲ್ಲಿದ್ದ, ಅಂಚೆಯವನ ಕೈಯಿಂದ ಅವನೇ ತೆಗೆದುಕೊಂಡ. ನಾನೂ ಆ ದಿನ ಅಲ್ಲಿದ್ದೆ. ಓದಿದ. ಅಂಗಳಕ್ಕೆ ಹೋಗಿ ಗದ್ದೆಯ ಕಡೆ ನೋಡಿದ. ಬೇಲಿ ಬೇರೆಯವರದು ಎಂದು ಆಗ ಕಣ್ಣಿಗೆ ಬಿತ್ತೋ ಏನೋ. ಒಳಗೆ ಬಂದು, "ಎಂತಕ್ಕೆ ನನಗೆ ಹೇಳಲಿಲ್ಲ ಅಪ್ಪ?" ಎಂದ. ಅಣ್ಣ ಎಲೆಯಡಿಕೆ ತಟ್ಟೆ ಎಳೆದುಕೊಂಡು, "ಹೇಳಿದ್ದರೆ ನೀನು ಎಂತ ಮಾಡುತ್ತಿದ್ದೆ?" ಎಂದ. ಹುಡುಗ ಬಹಳ ಹೊತ್ತು ಸುಮ್ಮನೆ ನಿಂತಿದ್ದ. "ಅದನ್ನಾದರೂ ನೋಡಬಹುದಿತ್ತಲ್ಲ" ಎಂದು ಹೇಳಿ ಹಿತ್ತಲಿಗೆ ಹೋದ. ಅತ್ತಿಗೆ ಒಳಗೆ ಅಳುತ್ತಿದ್ದಳು. ಅಪ್ಪ ತನ್ನನ್ನು ಪ್ರೀತಿಸಿದ್ದು ನಿಜ, ಆದರೆ ತನ್ನಿಂದ ಏನಾದರೂ ಆದೀತು ಎಂದು ಒಂದು ದಿನವೂ ನಂಬಲಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಇದನ್ನು ಅವನು ನನ್ನ ಹತ್ತಿರ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಬೆಂಗಳೂರಿನ ಕೋಣೆ ಖಾಲಿ ಮಾಡಿ ಬಂದು ತೋಟಕ್ಕೆ ಇಳಿದ. ಸಾಲ ತೀರಲು ಹತ್ತು ವರ್ಷ ಹಿಡಿಯಿತು. ಗದ್ದೆ ಹಿಂದಿರುಗಿ ಬರಲಿಲ್ಲ.

ಇಂಥ ಮಾತು ಬಂದಾಗಲೆಲ್ಲ ನಮ್ಮೂರಿನಲ್ಲಿ ಯಾರಾದರೂ ಕಾರ್ಯಪ್ಪನವರ ಕಥೆ ತೆಗೆಯುತ್ತಾರೆ. 1949ರಲ್ಲಿ ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ನಮ್ಮ ಕಾರ್ಯಪ್ಪ, ಶನಿವಾರಸಂತೆಯಲ್ಲಿ ಹುಟ್ಟಿದವರು. ದೆಹಲಿಯಲ್ಲಿದ್ದಾಗ ಒಂದು ದಿನ ಮಕ್ಕಳನ್ನು ಶಾಲೆಗೆ ಒಯ್ಯುವ ವಾಹನ ಬರಲಿಲ್ಲವೆಂದು ಅವರ ಸಹಾಯಕ ಅಧಿಕಾರಿ ಸರಕಾರಿ ಕಾರಿನಲ್ಲಿ ಕಳಿಸಿದನಂತೆ. ಗೊತ್ತಾದಾಗ ಇವರು ಸಿಡಿದೆದ್ದು ಆ ಪ್ರಯಾಣವನ್ನು ಖಾಸಗಿ ಎಂದು ಬರೆಸಿ ಅದರ ಹಣವನ್ನು ತಮ್ಮ ಲೆಕ್ಕಕ್ಕೆ ಹಾಕಿಸಿದರಂತೆ. ಹೇಳಿದವರು ಅವರ ಮಗನೇ, ಮುಂದೆ ವಾಯುಪಡೆಯಲ್ಲಿ ಏರ್ ಮಾರ್ಷಲ್ ಆದ ಕೆ. ಸಿ. ಕಾರ್ಯಪ್ಪ. ಆ ಮಗನ ವಿಮಾನವನ್ನು 1965ರ ಸೆಪ್ಟೆಂಬರಿನಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಪಾಕಿಸ್ತಾನದವರು ಹೊಡೆದುರುಳಿಸಿ ಅವನನ್ನು ಸೆರೆ ಹಿಡಿದರು. ಆಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬೇಕಾದರೆ ಬೇರೆಯಾಗಿ ನೋಡಿಕೊಳ್ಳುತ್ತೇವೆ, ಬಿಡುಗಡೆಯೂ ಆದೀತು ಎಂಬ ಸಂದೇಶ ಬಂತು. ಮಡಿಕೇರಿಯ ರೋಶನಾರಾದಲ್ಲಿದ್ದ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ನೋಡುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿ ಎಂದರು. ಮಗ ಹಿಂದಿರುಗಿದ್ದು 1966ರಲ್ಲಿ, ಉಳಿದವರ ಜೊತೆಗೇ.

ಗಂಡಸರು ಈ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತಾರೆ, ಹೇಳಬೇಕಾದ್ದೇ. ನನಗೆ ಮಾತ್ರ ಆ ಮೂರು ನಾಲ್ಕು ತಿಂಗಳ ರಾತ್ರಿಗಳು ನೆನಪಾಗುತ್ತವೆ. ಇಲ್ಲ ಎಂದು ಹೇಳುವುದು ಒಂದು ಗಳಿಗೆಯ ಕೆಲಸ, ಹೇಳಿದ ಮೇಲೆ ದಿನವೂ ಅದರ ಜೊತೆ ಮಲಗಬೇಕು. ನಮ್ಮಂಥ ಮನೆಗಳಲ್ಲಿ 'ಇಲ್ಲ' ಎನ್ನುವ ಕೆಲಸ ತಾಯಿಯ ಪಾಲಿಗೆ, 'ಆಯಿತು ಬಿಡು' ಎನ್ನುವ ಸುಖ ತಂದೆಯ ಪಾಲಿಗೆ ಬರುತ್ತದೆ ಎಂಬುದನ್ನೂ ನೀವು ಗಮನಿಸಿರಬಹುದು. ಹಣ ಯಾರ ಕೈಯಲ್ಲಿದೆಯೋ ಅವರೇ ಉದಾರಿಗಳು.

ಈಗ ಮತ್ತೆ ಕಾಫಿಗೆ ಬೆಲೆ ಬಂದಿತು. 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ದರ ಕಂಡಿತು, 2025ರ ಶುರುವಿನಲ್ಲಿ ಅರೇಬಿಕಾ ಕೂಡ. 1994ರಲ್ಲಿ ಬ್ರೆಜಿಲಿನ ಹಿಮ, ಈ ಸಲ ಬ್ರೆಜಿಲ್ ಮತ್ತು ವಿಯೆಟ್ನಾಮಿನ ಬರ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ ತೋಟ ಕಳೆದುಕೊಂಡವರಿಗೆ ಇದರಿಂದ ಏನೂ ಬರಲಿಲ್ಲ, ಅದು ಬೇರೆ ಮಾತು. ಉಳಿದವರ ಅಂಗಳಗಳಲ್ಲಿ ಹೊಸ ಗಾಡಿಗಳು ನಿಂತವು. ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟು ಏನಾದರೂ ಅನಾಹುತವಾದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರಲ್ಲೇ ಕಾನೂನು ಬಂದಿದೆ. ದಂಡ ಕಟ್ಟುವ ಶಕ್ತಿ ಇರುವವರಿಗೆ ಅದೊಂದು ಲೆಕ್ಕವೇ ಅಲ್ಲ.

ಅಣ್ಣನ ಮಗನಿಗೆ ಈಗ ನಲವತ್ತೇಳು. ಅವನ ಮಗಳಿಗೆ ಹದಿನಾರು, ಚುರುಕು ಹುಡುಗಿ. ಹಣ್ಣು ಕುಯ್ಯುವ ದಿನಗಳಲ್ಲಿ ಸಂಜೆ ತೂಕದ ಲೆಕ್ಕ ಬರೆಯಲು ಅಪ್ಪ ಅವಳನ್ನೇ ಕೂರಿಸುತ್ತಾನೆ. ಎಷ್ಟು ಬಂತು, ಎಷ್ಟು ಹೋಯಿತು, ಬ್ಯಾಂಕಿಗೆ ಎಷ್ಟು ಎಂದು ಅವಳಿಗೆ ಗೊತ್ತು. ಕಳೆದ ವರ್ಷ ಒಂದು ಸ್ಕೂಟರ್ ಬೇಕೆಂದು ಕೇಳಿದಳು. ಕಾಲೇಜು ದೂರ, ಬಸ್ಸು ಸರಿಯಾಗಿಲ್ಲ, ಅದೂ ನಿಜವೇ. ಅಪ್ಪ, ಹದಿನೆಂಟಾಗಲಿ, ಲೈಸೆನ್ಸ್ ಆಗಲಿ, ಆಮೇಲೆ ನೋಡುವ ಎಂದ. ಹುಡುಗಿ ಮುಖ ಊದಿಸಿಕೊಂಡು ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ಅವನೂ ಸೋಲಲಿಲ್ಲ.

ಎಂಬತ್ತು ದಾಟಿದ ಅಣ್ಣ ಜಗಲಿಯ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಕಿವಿ ಸ್ವಲ್ಪ ಮಂದ ಎಂದು ನಾವೆಲ್ಲ ನಂಬಿದ್ದೆವು. ಮೊನ್ನೆ ಹೋದಾಗ ನನ್ನನ್ನು ಹತ್ತಿರ ಕರೆದು, ಮಗ ತೋಟದಲ್ಲಿದ್ದಾನೋ ಎಂದು ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ ಕೇಳಿದ: "ತಂಗೀ, ಕುಶಾಲನಗರದಲ್ಲಿ ಆ ಸ್ಕೂಟರಿನ ಅಂಗಡಿ ಇದೆಯಲ್ಲ, ಅದರ ಫೋನ್ ನಂಬರ್ ನಿನ್ನ ಹತ್ತಿರ ಇದೆಯಾ?"